ಉಸಿರಿನ ಪಂಪಿಗೆ ನಾಚಿಕೆ ಏಕೆ?



ಈ ಸಲ ನಿಮ್ಮೊಂದಿಗೆ ಒಂದು ಪುಟ್ಟ ವಸ್ತುವಿನ ಬಗ್ಗೆ ಮಾತನಾಡಬೇಕೆಂದಿದ್ದೇನೆ. ಅದು ಅಂಗೈಯಲ್ಲಿ ಹಿಡಿಸುತ್ತದೆ. ಅದಕ್ಕೆ ಕರೆಂಟು ಬೇಡ, ಸೆಲ್ಲು ಬೇಡ, ಬೆರಳಿನಿಂದ ಒತ್ತಿದರೆ ಸಾಕು. ಒಳಗಿರುವ ಔಷಧ ತೀರಾ ಸಣ್ಣ ತುಂತುರಾಗಿ ಬಾಯಿಯ ಮೂಲಕ ಎದೆಗೆ ಇಳಿಯುತ್ತದೆ. ಡಾಕ್ಟರರು ಅದನ್ನು ಇನ್ಹೇಲರ್ ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ಅದರ ಹೆಸರು ಪಂಪು.

ಬೀಪಿಯ ಗುಳಿಗೆಯನ್ನು ನಾವು ಟೀವಿಯ ಪಕ್ಕದಲ್ಲೇ ಇಡುತ್ತೇವೆ. ಶುಗರಿನ ಇಂಜೆಕ್ಷನ್ ಫ್ರಿಜ್ಜಿನ ಬಾಗಿಲಲ್ಲಿ ಎಲ್ಲರಿಗೂ ಕಾಣುವಂತೆ ಇರುತ್ತದೆ. ಕನ್ನಡಕವನ್ನಂತೂ ಮುಖದ ಮೇಲೆಯೇ ಹಾಕಿಕೊಂಡು ತಿರುಗುತ್ತೇವೆ. ಪಂಪು ಮಾತ್ರ ದಿಂಬಿನ ಕೆಳಗೆ, ಬುರ್ಖಾದ ಜೇಬಿನಲ್ಲಿ, ಕಪಾಟಿನಲ್ಲಿ ಮಡಚಿಟ್ಟ ಬಟ್ಟೆಗಳ ಹಿಂದೆ. ಮನೆಗೆ ನೆಂಟರು ಬಂದಾಗ ಉಬ್ಬಸ ಬಂದರೆ ನಮ್ಮ ಹೆಣ್ಣುಮಕ್ಕಳು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಪಂಪು ಹೊಡೆದುಕೊಳ್ಳುತ್ತಾರೆ. ಯಾಕೆ ಹೀಗೆ?

ನಾನು ಶಿಕ್ಷಕಿ. ಹಗಲು ಶಾಲೆಯಲ್ಲಿ, ಸಂಜೆ ಮಕ್ತಬಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ನನ್ನ ದಾದಿಗೆ ದಮ್ಮು ಇತ್ತು. ನನಗೆ ಇಪ್ಪತ್ತಾರನೇ ವಯಸ್ಸಿನಲ್ಲಿ ಬಂತು. ಈಗ ನನ್ನ ಮಗಳಿಗೂ ಇದೆ. ನನ್ನ ಪಂಪು ಬ್ಯಾಗಿನಲ್ಲಿ ಸೀಮೆಸುಣ್ಣದ ಡಬ್ಬಿಯ ಪಕ್ಕ ಇರುತ್ತದೆ. ಬೇಕೆನಿಸಿದಾಗ ತರಗತಿಯಲ್ಲೇ, ಮಕ್ಕಳ ಎದುರೇ ತೆಗೆದುಕೊಳ್ಳುತ್ತೇನೆ. ಮೊದಮೊದಲು ಮಕ್ಕಳು ಪಿಳಿಪಿಳಿ ನೋಡುತ್ತಿದ್ದರು. ಈಗ ಯಾರೂ ತಲೆ ಎತ್ತುವುದಿಲ್ಲ.

ನಮ್ಮೂರು ಎಂ.ಕೆ. ಹುಬ್ಬಳ್ಳಿ. ಬೆಳಗಾವಿಯಿಂದ ಧಾರವಾಡಕ್ಕೆ ಹೆದ್ದಾರಿಯಲ್ಲಿ ಹೋದವರು ಮಲಪ್ರಭಾ ಹೊಳೆಯ ದಂಡೆಯ ಈ ಊರನ್ನು ನೋಡಿರುತ್ತೀರಿ. ಎಂ.ಕೆ. ಎಂದರೆ ಮುಗುಟಖಾನ. ಗಂಗಾಂಬಿಕೆಯ ಐಕ್ಯ ಮಂಟಪಕ್ಕೆ ಬರುವವರು ಬಹಳ, ಸಕ್ಕರೆ ಕಾರ್ಖಾನೆಯಿಂದ ಊರನ್ನು ಗುರುತಿಸುವವರೂ ಬಹಳ. ಸುತ್ತ ಎಲ್ಲಿ ನೋಡಿದರೂ ಕಬ್ಬು. ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯುವ ಹಂಗಾಮು ಶುರುವಾಗುತ್ತದೆ. ಕಡಿದ ಹೊಲದಲ್ಲಿ ಉಳಿದ ರವದಿಗೆ ಬೆಂಕಿ ಇಡುವ ಕಡೆಗಳಲ್ಲಿ ಸಂಜೆಯ ತಂಪಿಗೆ ಹೊಗೆ ಮೇಲೇರದೆ ಊರ ಮೇಲೆಯೇ ನಿಲ್ಲುತ್ತದೆ. ಅದರ ಜೊತೆಗೆ ಚಳಿ, ಟ್ರ್ಯಾಕ್ಟರುಗಳು ಎಬ್ಬಿಸುವ ಧೂಳು. ಸೂಕ್ಷ್ಮ ಎದೆಯವರಿಗೆ ಆ ನಾಲ್ಕು ತಿಂಗಳು ಪರೀಕ್ಷೆಯ ಕಾಲ.

ಹೊರಗಿನದು ಇಷ್ಟಾದರೆ ಮನೆಯೊಳಗಿನದು ಬೇರೆ. ಒಣಮೆಣಸಿನಕಾಯಿ ಹುರಿಯುವ ಘಾಟು, ಸೊಳ್ಳೆ ಬತ್ತಿ, ಜುಮ್ಮಾದ ದಿನ ಹಾಕುವ ಲೋಬಾನಿನ ಹೊಗೆ, ಹಬ್ಬದ ಮೊದಲು ಗೋಡೆಗೆ ಸುಣ್ಣ ಹೊಡೆಯುವಾಗಿನ ಪುಡಿ, ಪೆಟ್ಟಿಗೆಯಿಂದ ತೆಗೆದ ಹಳೇ ಕೌದಿ. ಯಾರಿಗೆ ಯಾವುದು ಆಗುವುದಿಲ್ಲ ಎಂಬುದು ಒಬ್ಬೊಬ್ಬರಿಗೆ ಒಂದೊಂದು. ನನಗೆ ಕೌದಿಯ ಧೂಳು ಆಗುವುದಿಲ್ಲ. ಮಗಳಿಗೆ ಲೋಬಾನ್ ಆಗುವುದಿಲ್ಲ.

ನಾವು ದಮ್ಮು ಅನ್ನುತ್ತೇವಲ್ಲ, ಆ ಪದ ಎಲ್ಲಿಂದ ಬಂತು ಗೊತ್ತೇ? ಫಾರ್ಸಿಯಲ್ಲಿ ದಮ್ ಎಂದರೆ ಉಸಿರು. ಉರ್ದುವಿನಲ್ಲಿ ದಮಾ, ನಮ್ಮ ಬಾಯಲ್ಲಿ ದಮ್ಮು. ಕನ್ನಡದಲ್ಲಿ ಗೂರಲು, ಉಬ್ಬಸ ಎಂಬ ಹೆಸರುಗಳಿವೆ. ಅರಬಿಯಲ್ಲಿ ರಬ್ವ್. ಹನ್ನೆರಡನೇ ಶತಮಾನದ ಕೊನೆಯಲ್ಲಿ ಕೈರೋದಲ್ಲಿ ಅಯ್ಯೂಬಿ ಅರಮನೆಯ ವೈದ್ಯರಾಗಿದ್ದ ಮೂಸಾ ಇಬ್ನ್ ಮೈಮೂನ್ ಎಂಬ ಯಹೂದಿ ವಿದ್ವಾಂಸರು ರಬ್ವ್ ಬಗ್ಗೆಯೇ ಅರಬಿಯಲ್ಲಿ ಒಂದು ಪುಸ್ತಕ ಬರೆದರು. ದೊಡ್ಡ ಮನೆತನದ ಒಬ್ಬ ರೋಗಿಗಾಗಿ ಬರೆದದ್ದು ಅದು. ಊಟ ಮಿತವಾಗಿರಲಿ, ನಿದ್ದೆ ಸರಿಯಾಗಿರಲಿ, ಗಾಳಿ ಶುದ್ಧವಾಗಿರಲಿ ಎಂಬುದೇ ಅವರ ಮುಖ್ಯ ಸಲಹೆ. ಎಂಟುನೂರು ವರ್ಷಗಳ ಹಿಂದೆಯೇ ದೊಡ್ಡ ಮನೆತನದವರು ಈ ರೋಗವನ್ನು ಮುಚ್ಚಿಡದೆ ಹಕೀಮರ ಮುಂದೆ ಹೇಳಿಕೊಂಡಿದ್ದರು ಎನ್ನುವುದನ್ನು ಗಮನಿಸಿ.

ನನ್ನ ದಾದಿಯ ಬಳಿ ಈಗಿನಂಥ ಪಂಪು ಇರಲಿಲ್ಲ. ಅವರ ಬಳಿ ಇದ್ದದ್ದು ಒಂದು ಗಾಜಿನ ಉಪಕರಣ. ಸಣ್ಣ ಗಾಜಿನ ಬುರುಡೆ, ಅದಕ್ಕೊಂದು ಗಾಜಿನ ಮೂತಿ, ಹಿಂದೆ ಸೈಕಲ್ ಹಾರ್ನಿಗೆ ಇರುವಂಥ ರಬ್ಬರಿನ ಚೆಂಡು. ಅಬ್ಬಾ ಬೆಳಗಾವಿಯ ಔಷಧ ಅಂಗಡಿಯಿಂದ ತಂದಿದ್ದರು. ಬುರುಡೆಗೆ ನಾಲ್ಕು ಹನಿ ಔಷಧ ಹಾಕಿ, ಮೂತಿಯನ್ನು ಬಾಯಿಗಿಟ್ಟುಕೊಂಡು ದಾದಿ ಚೆಂಡನ್ನು ಹಿಂಡುತ್ತಿದ್ದರು. ಮಕ್ಕಳಾದ ನಾವು ಅದು ಪೀಂ ಎನ್ನುತ್ತದೆಂದು ಕಾಯುತ್ತಿದ್ದೆವು. ಅದು ಸುಮ್ಮನೆ ಬಿಳಿ ಮಂಜು ಬಿಡುತ್ತಿತ್ತು.

ಅದು ಕೆಲಸ ಮಾಡುವ ಬಗೆ ಬಹಳ ಸರಳ. ಚೆಂಡು ಹಿಂಡಿದಾಗ ಗಾಳಿ ಸಣ್ಣ ರಂಧ್ರದಿಂದ ರಭಸವಾಗಿ ನುಗ್ಗುತ್ತದೆ. ವೇಗದ ಗಾಳಿ ಇರುವಲ್ಲಿ ಒತ್ತಡ ಕಡಿಮೆಯಾಗುತ್ತದೆ. ಆಗ ಕೆಳಗಿನ ಔಷಧ ಸಣ್ಣ ನಳಿಗೆಯಲ್ಲಿ ತಾನಾಗಿ ಮೇಲೇರಿ ಗಾಳಿಯ ಹೊಡೆತಕ್ಕೆ ಸಿಕ್ಕಿ ಚೂರುಚೂರಾಗುತ್ತದೆ. ಹಳೆಯ ಅತ್ತರಿನ ಸ್ಪ್ರೇ ಶೀಸೆಗಳೂ, ಸೊಳ್ಳೆಗೆ ಹೊಡೆಯುತ್ತಿದ್ದ ಕೈಪಂಪೂ ಇದೇ ರೀತಿಯವು. ಆದರೆ ದಾದಿಯ ಬುರುಡೆಯೊಳಗೆ ಒಂದು ಜಾಣತನವಿತ್ತು. ದಪ್ಪ ಹನಿಗಳು ಗಾಜಿನ ಗೋಡೆಗೆ ಬಡಿದು ಮತ್ತೆ ಕೆಳಗೆ ಬೀಳುತ್ತಿದ್ದವು. ತೀರಾ ಸಣ್ಣ ಹನಿಗಳಷ್ಟೇ ಹೊರಗೆ ಬರುತ್ತಿದ್ದವು.

ಹನಿ ಅಷ್ಟು ಸಣ್ಣದಿರಬೇಕು ಏಕೆ? ಮದುವೆ ಮನೆಯಲ್ಲಿ ಗುಲಾಬ್‌ದಾನಿಯಿಂದ ಪನ್ನೀರು ಚಿಮುಕಿಸುತ್ತಾರಲ್ಲ, ಆ ಹನಿ ಮುಖದ ಮೇಲೆ ಬಿದ್ದು ಅಲ್ಲೇ ನಿಲ್ಲುತ್ತದೆ. ಔಷಧದ ಹನಿಯೂ ದಪ್ಪವಿದ್ದರೆ ನಾಲಿಗೆ, ಗಂಟಲಲ್ಲೇ ಅಂಟಿಕೊಂಡು ಹೊಟ್ಟೆಗೆ ಹೋಗುತ್ತದೆ. ಎದೆಯೊಳಗಿನ ಸಣ್ಣ ಸಣ್ಣ ನಳಿಗೆಗಳಿಗೆ ಇಳಿಯಬೇಕಾದರೆ ಹನಿ ಸುಮಾರು 1ರಿಂದ 5 ಮೈಕ್ರಾನ್ ಅಳತೆಯಲ್ಲಿರಬೇಕು. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್.

ಬೈಲಹೊಂಗಲ ಕಡೆಯ ಹತ್ತಿ ಹೊಲದಲ್ಲಿ ರೈತರು ಬೆನ್ನಿಗೆ ಪಂಪು ಕಟ್ಟಿಕೊಂಡು ಎಣ್ಣೆ ಹೊಡೆಯುವುದನ್ನು ನೋಡಿದ್ದೀರಲ್ಲ? ಅದೇ ಔಷಧವನ್ನು ಕೊಡದಿಂದ ಸುರಿದರೆ ನೆಲ ಕುಡಿಯುತ್ತದೆ, ಎಲೆಗೆ ಹತ್ತುವುದಿಲ್ಲ. ತುಂತುರಾಗಿ ಹೊಡೆದರೆ ಸ್ವಲ್ಪ ಔಷಧವೇ ಎಲೆ ಎಲೆಗೂ ಮುಟ್ಟುತ್ತದೆ. ನಮ್ಮ ಶ್ವಾಸಕೋಶವೂ ತಲೆಕೆಳಗಾಗಿ ನಿಲ್ಲಿಸಿದ ಮರದಂತೆಯೇ ಇದೆ. ಕಾಂಡ, ಕೊಂಬೆ, ಟೊಂಗೆ, ಕೊನೆಗೆ ಎಲೆಗಳಂಥ ಗಾಳಿಚೀಲಗಳು. ಗುಳಿಗೆ ನುಂಗುವುದು ನೆಲಕ್ಕೆ ಸುರಿದಂತೆ, ಪಂಪು ಎಲೆಗೆ ಹೊಡೆದಂತೆ.

ದಾದಿಯ ಆ ಗಾಜಿನ ಬುರುಡೆ ಒಂದು ಚಳಿಗಾಲದ ರಾತ್ರಿ ಮಂಚದಿಂದ ಉರುಳಿ ಒಡೆಯಿತು. ಇಡೀ ರಾತ್ರಿ ದಾದಿ ಕಿಟಕಿಯ ಸರಳು ಹಿಡಿದು ಕೂತಿದ್ದರು. ಅಬ್ಬಾ ಬೆನ್ನು ನೀವುತ್ತಿದ್ದರು, ಅಮ್ಮಾ ಬಿಸಿನೀರು ಕಾಯಿಸುತ್ತಿದ್ದರು. ಅವರ ಉಸಿರಿನ ಸಿಳ್ಳು ಪಡಸಾಲೆಯವರೆಗೂ ಕೇಳುತ್ತಿತ್ತು. ಫಜ್ರ್ ಆದ ಕೂಡಲೇ ಅಬ್ಬಾ ಮೊದಲ ಬಸ್ಸಿಗೆ ಅವರನ್ನು ಬೆಳಗಾವಿಗೆ ಕರೆದೊಯ್ದರು. ಅಲ್ಲಾಹನ ದಯೆಯಿಂದ ದಾದಿ ಉಳಿದರು, ಮುಂದೆ ಹತ್ತು ವರ್ಷ ಬದುಕಿದರು. ಒಂದು ಗಾಜಿನ ತುಂಡು ಒಡೆದರೆ ಮನುಷ್ಯನ ಉಸಿರೇ ನಿಂತುಹೋಗಬಹುದು ಎಂಬುದನ್ನು ಆ ರಾತ್ರಿ ನಾನು ಕಂಡೆ.

ಇಂಥ ಉಪಕರಣದ ಚರಿತ್ರೆಯನ್ನು ಮುಂದೆ ಓದಿದಾಗ ನನಗೆ ಆಶ್ಚರ್ಯವಾಯಿತು. 1858ರಲ್ಲಿ ಫ್ರಾನ್ಸಿನ ಸಾಲ್-ಜಿರೋನ್ ಎಂಬ ವೈದ್ಯರು ಕೈಯಿಂದ ಒತ್ತುವ, ಸೈಕಲ್ಲಿಗೆ ಗಾಳಿ ಹಾಕುವ ಪಂಪಿನಂಥ ಹಿಡಿಕೆಯಿದ್ದ ಉಪಕರಣ ಮಾಡಿದರು. ಅಮೆರಿಕದ ಒಹಾಯೊ ರಾಜ್ಯದ ಡಾಕ್ಟರ್ ಅಲೆನ್ ಡಿವಿಲ್ಬಿಸ್ 1880ರ ದಶಕದಲ್ಲಿ ಗಂಟಲಿಗೆ ಔಷಧ ಹೊಡೆಯಲು ರಬ್ಬರ್ ಚೆಂಡಿನ ಸ್ಪ್ರೇ ತಯಾರಿಸಿದರು. ಅವರ ಮಗ ಅದನ್ನೇ ಸುಗಂಧದ ಶೀಸೆಗಳಿಗೆ ಅಳವಡಿಸಿದರು.

ಇನ್ನು ಈಗಿನ ಪಂಪು ಹುಟ್ಟಿದ್ದು ಹದಿಮೂರು ವರ್ಷದ ಒಬ್ಬ ಹುಡುಗಿಯ ಪ್ರಶ್ನೆಯಿಂದ. 1955ರಲ್ಲಿ ಅಮೆರಿಕದ ರೈಕರ್ ಲ್ಯಾಬೊರೇಟರಿ ಎಂಬ ಔಷಧ ಕಂಪನಿಯ ಮುಖ್ಯಸ್ಥ ಜಾರ್ಜ್ ಮೇಸನ್ ಅವರ ಮಗಳು ಸೂಸಿಗೆ ದಮ್ಮು ಇತ್ತು. ಅವಳ ಕೈಯಲ್ಲಿಯೂ ಇದ್ದದ್ದು ದಾದಿಯದರಂತೆಯೇ ಗಾಜು ಮತ್ತು ರಬ್ಬರ್ ಚೆಂಡಿನದು. ಒಡೆಯುತ್ತದೆ, ಹೊತ್ತು ತಿರುಗಲು ಆಗುವುದಿಲ್ಲ. ಕೂದಲಿಗೆ ಹೊಡೆಯುವ ಸ್ಪ್ರೇ ಡಬ್ಬಿ ಇದೆಯಲ್ಲ, ನನ್ನ ಔಷಧವನ್ನೂ ಹಾಗೆಯೇ ಡಬ್ಬಿಯಲ್ಲಿ ತುಂಬಬಾರದೇಕೆ ಎಂದು ಅವಳು ತಂದೆಯನ್ನು ಕೇಳಿದಳು. ತಂದೆ ಆ ಮಾತನ್ನು ಮಗುವಿನ ಮಾತೆಂದು ತಳ್ಳಿಹಾಕಲಿಲ್ಲ. ಕಂಪನಿಯವರು ಕೆಲಸ ಶುರು ಮಾಡಿದರು. ಪ್ರತಿ ಸಲ ಒತ್ತಿದಾಗ ಅಳತೆಯಷ್ಟೇ ಹೊರಬರುವ ಕವಾಟ ಬೇಕಿತ್ತು. ಸುಗಂಧದ್ರವ್ಯಕ್ಕಾಗಿ ಮಾಡಿದ್ದ ಕವಾಟವೇ ಅದಕ್ಕೆ ಒದಗಿತು. 1956ರ ಮಾರ್ಚಿನಲ್ಲಿ ಮೊದಲ ಪಂಪು ಮಾರುಕಟ್ಟೆಗೆ ಬಂತು. ಇವತ್ತು ನಾವು ತೆಗೆದುಕೊಳ್ಳುವ ಸಾಲ್ಬುಟಮಾಲ್ ಎಂಬ ಔಷಧ 1969ರಲ್ಲಿ ಬ್ರಿಟನ್ನಿನಲ್ಲಿ ಬಂತು. ಊತ ತಗ್ಗಿಸುವ ಔಷಧದ ಪಂಪು 1972ರಲ್ಲಿ ಬಂತು.

ಸಹೋದರಿಯರೇ, ಇಷ್ಟೆಲ್ಲ ಹೇಳಿದ್ದು ಚರಿತ್ರೆಯ ಪಾಠಕ್ಕಲ್ಲ. ಮನೆಗಳಲ್ಲಿ ನಾನು ಕೇಳುವ ಮೂರು ಮಾತುಗಳಿಗೆ ಉತ್ತರ ಇದರಲ್ಲೇ ಇದೆ.

ಮೊದಲನೆಯದು, ಪಂಪು ಬಹಳ ಪವರಿನದು, ಮೊದಲು ಗುಳಿಗೆ ನೋಡೋಣ ಎಂಬ ಮಾತು. ಲೆಕ್ಕ ಮಾಡಿ ನೋಡಿ. ಸಾಲ್ಬುಟಮಾಲ್ ಪಂಪನ್ನು ಒಮ್ಮೆ ಒತ್ತಿದರೆ ಬರುವುದು 100 ಮೈಕ್ರೋಗ್ರಾಂ. ಅದೇ ಔಷಧದ 4 ಮಿಲಿಗ್ರಾಂ ಗುಳಿಗೆಯಲ್ಲಿರುವುದು 4000 ಮೈಕ್ರೋಗ್ರಾಂ. ಅಂದರೆ ಒಂದು ಗುಳಿಗೆ ನಲವತ್ತು ಸಲ ಪಂಪು ಒತ್ತಿದಷ್ಟು! ಗುಳಿಗೆ ಹೊಟ್ಟೆಗೆ ಹೋಗಿ, ರಕ್ತ ಸೇರಿ, ಮೈಯೆಲ್ಲ ಸುತ್ತಿ ಎದೆಗೆ ಬರಬೇಕು. ಅದಕ್ಕೇ ಗುಳಿಗೆ ನುಂಗಿದವರಿಗೆ ಕೈ ನಡುಗುವುದು, ಎದೆ ಡವಡವ ಎನ್ನುವುದು ಹೆಚ್ಚು. ಪಂಪಿನ ಔಷಧ ನೇರವಾಗಿ ಬೇಕಾದ ಜಾಗಕ್ಕೇ ಹೋಗಿ ಕೆಲವೇ ನಿಮಿಷಗಳಲ್ಲಿ ಕೆಲಸ ಮಾಡುತ್ತದೆ.

ಎರಡನೆಯದು, ಒಮ್ಮೆ ಹಿಡಿದರೆ ಚಟ ಆಗುತ್ತದೆ ಎಂಬ ಮಾತು. ಕನ್ನಡಕ ಚಟವೇ? ದಮ್ಮು ಇರುವಷ್ಟು ಕಾಲ ಔಷಧ ಬೇಕು, ಅಷ್ಟೇ. ಮೂರನೆಯದು, ಪಂಪು ಬಂತೆಂದರೆ ರೋಗ ಕೊನೆ ಹಂತಕ್ಕೆ ಬಂತು ಎಂಬ ಮಾತು. ಇದು ಪೂರ್ತಿ ತಿರುಗುಮುರುಗು. ಡಾಕ್ಟರರು ಮೊದಲು ಕೊಡುವುದೇ ಪಂಪು.

ಇನ್ನೊಂದು ಮುಖ್ಯ ವಿಷಯವಿದೆ. ಪಂಪುಗಳಲ್ಲಿ ಎರಡು ಬಗೆ. ಬಿಗಿದ ನಳಿಗೆಯನ್ನು ತಕ್ಷಣ ಸಡಿಲಿಸುವುದು ಒಂದು. ನಳಿಗೆಯ ಒಳಗಿನ ಊತವನ್ನು ದಿನದಿನಕ್ಕೆ ತಗ್ಗಿಸುವುದು ಇನ್ನೊಂದು. ಎರಡೂ ಕೆಲಸ ಒಟ್ಟಿಗೆ ಮಾಡುವವೂ ಇವೆ. ನಮ್ಮ ಹೆಣ್ಣುಮಕ್ಕಳು ಬಹಳ ಸಲ ಮೊದಲಿನದನ್ನು ಮಾತ್ರ ಇಟ್ಟುಕೊಂಡು, ಉಸಿರು ಸರಿಹೋದ ಕೂಡಲೇ ಎರಡನೆಯದನ್ನು ನಿಲ್ಲಿಸಿಬಿಡುತ್ತಾರೆ. ಹೊಗೆ ಹೋಗಲೆಂದು ಕಿಟಕಿ ತೆರೆದು, ಒಲೆಯ ಬೆಂಕಿಯನ್ನು ಹಾಗೇ ಬಿಟ್ಟಂತೆ ಇದು. ಸಡಿಲಿಸುವ ಔಷಧವೊಂದನ್ನೇ ನಂಬಿರಬಾರದು ಎಂದು ಆಸ್ತಮಾ ಕುರಿತ ಜಾಗತಿಕ ಸಂಸ್ಥೆಯಾದ ಗೀನಾ 2019ರಿಂದ ಸ್ಪಷ್ಟವಾಗಿ ಹೇಳುತ್ತಿದೆ. 2019ರಲ್ಲಿ ಜಗತ್ತಿನಲ್ಲಿ ಸುಮಾರು 26 ಕೋಟಿ ಜನರಿಗೆ ಆಸ್ತಮಾ ಇತ್ತು, ಸುಮಾರು 4.55 ಲಕ್ಷ ಜನ ತೀರಿಕೊಂಡರು ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಕೊಡುವ ಅಂದಾಜು. ಅದೇ ವರ್ಷದ ಜಾಗತಿಕ ಅಂದಾಜಿನಂತೆ ಆಸ್ತಮಾ ಸಾವುಗಳಲ್ಲಿ ಶೇಕಡಾ 40ಕ್ಕೂ ಹೆಚ್ಚು ನಮ್ಮ ದೇಶದಲ್ಲೇ ಆದವು. ಔಷಧ ನಮ್ಮ ತಾಲ್ಲೂಕಿನ ಅಂಗಡಿಗಳಲ್ಲೇ ಸಿಗುತ್ತದೆ. ಆದರೂ ಹೀಗಾಗುತ್ತಿದೆ.

ಮೃಗಶಿರ ಮಳೆಯ ಹೊತ್ತಿಗೆ ಹೈದರಾಬಾದಿಗೆ ಹೋಗಿ ಮೀನಿನ ಔಷಧ ನುಂಗಿ ಬರುವವರು ನಮ್ಮ ಕಡೆಯೂ ಇದ್ದಾರೆ. ಹೋಗಿ ಬಂದವರಿಗೆ ನಾನು ಕೇಳಿಕೊಳ್ಳುವುದು ಒಂದೇ. ಬರುವ ದಾರಿಯಲ್ಲಿ ಪಂಪನ್ನು ಎಸೆದು ಬರಬೇಡಿ.

ಪಂಪು ಇದ್ದರೆ ಸಾಲದು, ತೆಗೆದುಕೊಳ್ಳುವ ಕ್ರಮ ಗೊತ್ತಿರಬೇಕು. ಮೊದಲು ಚೆನ್ನಾಗಿ ಅಲ್ಲಾಡಿಸಿ. ಉಸಿರನ್ನು ಪೂರ್ತಿ ಹೊರಗೆ ಬಿಡಿ. ಪಂಪಿನ ಮೂತಿಯನ್ನು ತುಟಿಗಳಿಂದ ಬಿಗಿಯಾಗಿ ಹಿಡಿಯಿರಿ. ನಿಧಾನವಾಗಿ ಉಸಿರು ಎಳೆಯಲು ಶುರು ಮಾಡುತ್ತಲೇ ಒಂದು ಸಲ ಒತ್ತಿ, ಎಳೆಯುತ್ತಲೇ ಇರಿ. ಆಮೇಲೆ ಹತ್ತು ಎಣಿಸುವವರೆಗೆ ಉಸಿರು ಕಟ್ಟಿಕೊಳ್ಳಿ. ಎರಡನೇ ಸಲ ಬೇಕಿದ್ದರೆ ಸ್ವಲ್ಪ ತಡೆದು ಮತ್ತೆ ಮೊದಲಿನಿಂದ. ಊತ ತಗ್ಗಿಸುವ ಪಂಪಾದರೆ ಕೊನೆಗೆ ಬಾಯಿ ಮುಕ್ಕಳಿಸಿ ಉಗುಳಿ, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಹುಣ್ಣಾಗಬಹುದು. ಬೆಳಿಗ್ಗೆ ವುಝೂ ಮಾಡುವ ಮೊದಲು ಪಂಪು ತೆಗೆದುಕೊಂಡರೆ ಮುಕ್ಕಳಿಸುವುದು ಮರೆಯುವುದಿಲ್ಲ. ನನ್ನ ರೂಢಿ ಅದು. ಸಾಮಾನ್ಯವಾಗಿ ಒಂದು ಪಂಪಿನಲ್ಲಿ 200 ಸಲ ಒತ್ತುವಷ್ಟು ಔಷಧವಿರುತ್ತದೆ. ಡಬ್ಬಿಯ ಮೇಲೆ ಬರೆದದ್ದನ್ನು ನೋಡಿ, ಶುರು ಮಾಡಿದ ತಾರೀಖನ್ನು ಅದರ ಮೇಲೆ ಪೆನ್ನಿನಿಂದ ಬರೆದಿಡಿ. ಔಷಧ ಮುಗಿದ ಮೇಲೂ ಡಬ್ಬಿ ಪುಸ್ಸೆನ್ನುತ್ತಲೇ ಇರಬಹುದು, ಆ ಸದ್ದನ್ನು ನಂಬಬೇಡಿ.

ಒತ್ತುವುದು ಮತ್ತು ಎಳೆಯುವುದು ಒಂದೇ ಹೊತ್ತಿಗೆ ಆಗುವುದಿಲ್ಲ ಎನ್ನುವ ಮಕ್ಕಳು, ಮುದುಕರು ಇರುತ್ತಾರೆ. ಅವರಿಗೆ ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ಸಿಗುತ್ತದೆ. ಪಂಪಿನ ಔಷಧ ಅದರಲ್ಲಿ ಒಂದು ಗಳಿಗೆ ನಿಲ್ಲುತ್ತದೆ, ಮಗು ನಿಧಾನವಾಗಿ ಎಳೆದುಕೊಳ್ಳಬಹುದು. ಕೊಳ್ಳಲು ಆಗದವರೂ ಇದ್ದಾರಲ್ಲ? ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಮಕ್ಕಳ ವೈದ್ಯೆ ಹೀದರ್ ಝಾರ್ ಮತ್ತು ಅವರ ಸಂಗಡಿಗರು 500 ಮಿಲಿಲೀಟರಿನ ಖಾಲಿ ಪ್ಲಾಸ್ಟಿಕ್ ಬಾಟಲಿಯ ತಳದಲ್ಲಿ ಪಂಪಿನ ಮೂತಿ ಬಿಗಿಯಾಗಿ ಕೂರುವಷ್ಟು ತೂತು ಮಾಡಿ, ಅದನ್ನೇ ಸ್ಪೇಸರಾಗಿ ಬಳಸಿ ನೋಡಿದರು. ಅಂಗಡಿಯ ಸ್ಪೇಸರಿನಷ್ಟೇ ಚೆನ್ನಾಗಿ ಅದು ಕೆಲಸ ಮಾಡಿತೆಂದು 1999ರಲ್ಲಿ ಪ್ರಕಟಿಸಿದರು. ಬಡತಾಯಂದಿರ ಕೈಗೆ ಎಟುಕುವ ವಿದ್ಯೆ ಎಂದರೆ ಇದು. ಮಾಡಿದ ಬಾಟಲಿಯನ್ನು ಒಮ್ಮೆ ಡಾಕ್ಟರಿಗೆ ತೋರಿಸಿ ಸರಿಯಿದೆಯೇ ಎಂದು ಕೇಳಿ. ತೀರಾ ಚಿಕ್ಕ ಮಕ್ಕಳಿಗೆ ಮುಖಕ್ಕಿಡುವ ಮಾಸ್ಕ್ ಬೇಕಾಗುತ್ತದೆ.

ಇನ್ನು ರಮಝಾನಿನ ಮಾತು. ಮಕ್ತಬಿನ ತಾಯಂದಿರು ನನ್ನನ್ನು ಹೆಚ್ಚು ಕೇಳುವ ಪ್ರಶ್ನೆ ಇದೇ. ಆಪಾ, ಪಂಪು ಹೊಡೆದರೆ ರೋಝಾ ಮುರಿಯುತ್ತದೆಯೇ? ನಾನು ಫತ್ವಾ ಕೊಡುವವಳಲ್ಲ. ಆದರೆ ಉಲಮಾಗಳು ಹೇಳಿದ್ದನ್ನು ಹೇಳಬಲ್ಲೆ. ಔಷಧದ ಹನಿ ಗಂಟಲಿನಿಂದ ಒಳಗಿಳಿಯುವುದರಿಂದ ಉಪವಾಸ ಮುರಿಯುತ್ತದೆ, ಆ ದಿನದ ಕಝಾ ಮಾಡಬೇಕು ಎನ್ನುವುದು ನಮ್ಮ ಉಪಖಂಡದ ಬಹುಪಾಲು ಹನಫೀ ಉಲಮಾಗಳ ಅಭಿಪ್ರಾಯ. ಅದು ಅನ್ನವೂ ಅಲ್ಲ ನೀರೂ ಅಲ್ಲ, ಹೋಗುವುದು ಹೊಟ್ಟೆಗಲ್ಲ ಶ್ವಾಸಕೋಶಕ್ಕೆ, ಆದ್ದರಿಂದ ಮುರಿಯುವುದಿಲ್ಲ ಎಂದು ಅರಬ್ ನಾಡಿನ ಶೇಖ್ ಇಬ್ನ್ ಬಾಝ್, ಶೇಖ್ ಇಬ್ನ್ ಉಸೈಮೀನ್ ಮುಂತಾದವರು ಹೇಳಿದ್ದಾರೆ. ನಿಮ್ಮ ಮಸೀದಿಯ ಆಲಿಮರನ್ನು ಕೇಳಿ, ಅವರು ಹೇಳಿದಂತೆ ನಡೆಯಿರಿ.

ಆದರೆ ಗಮನಿಸಿ, ಉಸಿರು ಕಟ್ಟಿದರೂ ಪಂಪು ಮುಟ್ಟಬೇಡ ಎಂದು ಇಬ್ಬರಲ್ಲಿ ಯಾರೂ ಹೇಳಿಲ್ಲ. ಮುರಿಯುತ್ತದೆ ಎನ್ನುವವರೂ ಹೇಳುವುದು ಪಂಪು ತೆಗೆದುಕೋ, ಆಮೇಲೆ ಕಝಾ ಮಾಡು ಎಂದೇ. ಸೂರಃ ಅಲ್ ಬಕರದ 184 ಮತ್ತು 185ನೇ ವಚನಗಳಲ್ಲಿ ರೋಗಿಗೆ ಬೇರೆ ದಿನಗಳ ರಿಯಾಯಿತಿಯನ್ನು ಕೊಟ್ಟವನು ಅಲ್ಲಾಹನೇ. ಅವನು ಕೊಟ್ಟ ರಿಯಾಯಿತಿಯನ್ನು ಅತ್ತೆಯೋ ಓರಗಿತ್ತಿಯೋ ಏನೆಂದುಕೊಳ್ಳುವರೋ ಎಂದು ನಾವು ಬಿಟ್ಟುಕೊಡಬಹುದೇ? ಊತ ತಗ್ಗಿಸುವ ಪಂಪನ್ನು ಸಾಮಾನ್ಯವಾಗಿ ದಿನಕ್ಕೆ ಒಂದು ಅಥವಾ ಎರಡು ಸಲವಷ್ಟೇ ತೆಗೆದುಕೊಳ್ಳುವುದು. ಸಹ್ರಿಗೆ ಒಮ್ಮೆ, ಇಫ್ತಾರಿಗೆ ಒಮ್ಮೆ ಆರಾಮವಾಗಿ ಹೊಂದುತ್ತದೆ. ರಮಝಾನಿಗೆ ಒಂದು ತಿಂಗಳ ಮೊದಲೇ ಡಾಕ್ಟರನ್ನು ಕಂಡು ಹೊತ್ತು ಗೊತ್ತು ಮಾಡಿಕೊಂಡರೆ ಎಷ್ಟೋ ಜನರಿಗೆ ಹಗಲಿನಲ್ಲಿ ಪಂಪಿನ ಅಗತ್ಯವೇ ಬರುವುದಿಲ್ಲ.

ಈಗ ನನ್ನ ಮನೆಯ ವಿಷಯ ಹೇಳುತ್ತೇನೆ, ಮಗಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವಳಿಗೆ ಇಪ್ಪತ್ತೆರಡು ವರ್ಷ. ಹೋದ ವರ್ಷ ಅವಳನ್ನು ನೋಡಲು ಗಂಡಿನವರು ಬರುವವರಿದ್ದರು. ಬೆಳಿಗ್ಗೆಯೇ ಬಂದಿದ್ದ ಅವಳ ಫುಪ್ಪು ಮೇಜಿನ ಮೇಲಿದ್ದ ಪಂಪು ನೋಡಿದವರೇ, "ಬೇಟಿ, ಇದನ್ನ ಇವತ್ತೊಂದಿನ ಕಪಾಟಿನ್ಯಾಗ ಇಡವ್ವಾ. ನಿಕಾಹ್ ಆದಮ್ಯಾಲ ನಿಧಾನಕ್ಕ ಹೇಳಿದರಾತು" ಅಂದರು. ಅವರು ಕೆಟ್ಟವರಲ್ಲ. ಮಗಳನ್ನು ಎತ್ತಿ ಆಡಿಸಿದವರು. ಹೆಣ್ಣಿಗೆ ದಮ್ಮು ಇದೆ ಎಂದರೆ ಸಂಬಂಧ ಮುರಿಯುವುದನ್ನು ಕಣ್ಣಾರೆ ಕಂಡವರು.

ನಾನು ಮಗಳ ಮುಖ ನೋಡಿದೆ. ನಿಕಾಹ್ ಆದ ಮೇಲೆ ಹೇಳುವುದೆಂದರೆ ಯಾವಾಗ? ಹೊಸ ಮನೆಯಲ್ಲಿ, ಮೊದಲ ವಾರದಲ್ಲಿ, ಮದುವೆಯ ಧೂಳು, ಹೂವು, ಅತ್ತರು, ನಿದ್ದೆಗೇಡು ಎಲ್ಲ ಸೇರಿ ಉಬ್ಬಸ ಬಂದಾಗಲೇ? ಆಗ ಅವಳ ಪಂಪು ಎಲ್ಲಿರುತ್ತದೆ? ನಮ್ಮ ದೀನಿನಲ್ಲೂ ಇದಕ್ಕೆ ದಾರಿ ಇದೆ. ಫಾತಿಮಾ ಬಿಂತ್ ಕೈಸ್(ರ) ತಮಗೆ ಬಂದ ಸಂಬಂಧಗಳ ಬಗ್ಗೆ ಸಲಹೆ ಕೇಳಿದಾಗ ಪ್ರವಾದಿ(ಸ) ಆ ಗಂಡಸರ ಕುಂದುಗಳನ್ನು ಮುಚ್ಚಿಡದೆ ಹೇಳಿದ್ದು ಹದೀಸಿನಲ್ಲಿ ಬಂದಿದೆ. ಸಂಬಂಧದ ಮಾತಿನಲ್ಲಿ ನಿಜ ಹೇಳುವುದು ಅವಮಾನವಲ್ಲ, ಅಮಾನತ್.

ಹೇಳುವ ಕೆಲಸವನ್ನು ಮಗಳು ನನಗೆ ಬಿಡಲಿಲ್ಲ. ಚಹಾ ಕೊಟ್ಟು ಕೂತ ಮೇಲೆ ಹುಡುಗನ ತಾಯಿಗೆ ತಾನೇ ಹೇಳಿದಳು. ಅವರು ಒಂದು ಗಳಿಗೆ ಸುಮ್ಮನಿದ್ದು, "ಅಡಿಗಿ ಮನ್ಯಾಗ ಒಗ್ಗರಣಿ ಹಾಕಿದ್ರ ತಡಕೊಂತಿಯೇನವ್ವಾ?" ಎಂದು ಕೇಳಿದರು. "ದಿನಾ ನಾನ ಅಡಿಗಿ ಮಾಡ್ತೀನ್ರಿ. ಔಷಧ ತಪ್ಪಿಸಲಿಲ್ಲಂದ್ರ ಏನೂ ಆಗೂದಿಲ್ಲ" ಅಂದಳು. ಅವರು ನಗುನಗುತ್ತಲೇ ಎದ್ದು ಹೋದರು. ಹದಿನೈದು ದಿನಕ್ಕೆ, ಹುಡುಗನಿಗೆ ಈಗಲೇ ಮದುವೆ ಮಾಡುವ ವಿಚಾರವಿಲ್ಲ ಎಂಬ ಮಾತು ಬಂತು. ಫುಪ್ಪು ನನ್ನೊಡನೆ ಎರಡು ತಿಂಗಳು ಸರಿಯಾಗಿ ಮಾತನಾಡಲಿಲ್ಲ. ಆ ರಾತ್ರಿ ಮಗಳು ಊಟ ಬಿಟ್ಟು ಮಲಗಿದಳು. ತಾಯಿಯಾಗಿ ನನಗೂ ನೋವಾಯಿತು, ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವಳಿಗೆ ಇನ್ನೂ ಸಂಬಂಧ ಗೊತ್ತಾಗಿಲ್ಲ. ಬಿ.ಎಡ್. ಓದುತ್ತಿದ್ದಾಳೆ.

ಆದರೆ ಅದಾಗಿ ಸ್ವಲ್ಪ ದಿನಕ್ಕೆ, ಗಂಡಿನವರ ಜೊತೆ ಬಂದಿದ್ದ ಹೆಣ್ಣುಮಗಳೊಬ್ಬರು ನನಗೆ ಫೋನು ಮಾಡಿದರು. ಧ್ವನಿ ತಗ್ಗಿಸಿ, "ನಮ್ಮ ಸಣ್ಣ ಸೊಸಿಗೂ ರಾತ್ರಿ ಭಾಳ ಕೆಮ್ಮ ಬರತೈತ್ರಿ, ಎದಿಯೊಳಗ ಸಿಳ್ಳ ಹೊಡದಂಗ ಆಗತೈತಿ. ಅದು ಅದ ಏನು ಅಂತ ಹ್ಯಾಂಗ ತಿಳಿಯೂದು?" ಎಂದು ಕೇಳಿದರು. ನಾನು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ರಾತ್ರಿ ಅಥವಾ ಬೆಳಗಿನ ಜಾವ ಕೆಮ್ಮು, ಎದೆಯಲ್ಲಿ ಸಿಳ್ಳು, ಎದೆ ಬಿಗಿದಂತಾಗುವುದು, ಹೊಗೆಗೋ ಧೂಳಿಗೋ ಚಳಿಗೋ ಅದು ಹೆಚ್ಚಾಗಿ ಮತ್ತೆ ತಾನೇ ಕಡಿಮೆಯಾಗುವುದು, ಇವು ಮತ್ತೆ ಮತ್ತೆ ಆಗುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಕೊಳವೆಗೆ ಜೋರಾಗಿ ಊದಿಸಿ ಎದೆಯ ಬಲ ಅಳೆಯುವ ಪರೀಕ್ಷೆ ಇದೆ. ಸೂಜಿಯಿಲ್ಲ, ನೋವಿಲ್ಲ.

ಇವತ್ತು ಸಂಜೆ ಒಂದು ಕೆಲಸ ಮಾಡಿ. ನಿಮ್ಮ ಮನೆಯ ಪಂಪನ್ನು ಬಚ್ಚಿಟ್ಟಲ್ಲಿಂದ ಹೊರಗೆ ತೆಗೆಯಿರಿ. ತಾರೀಖು ಮುಗಿದಿದೆಯೇ, ಔಷಧ ಎಷ್ಟು ಉಳಿದಿದೆ ನೋಡಿ. ಗಂಡ, ಅತ್ತೆ, ದೊಡ್ಡ ಮಕ್ಕಳು ಎಲ್ಲರಿಗೂ ಅದು ಇರುವ ಜಾಗ ಗೊತ್ತಿರಲಿ. ಉಬ್ಬಸ ಬಂದಾಗ ಎಷ್ಟು ಸಲ ತೆಗೆದುಕೊಳ್ಳಬೇಕೆಂದು ಡಾಕ್ಟರಿಂದ ಚೀಟಿಯಲ್ಲಿ ಬರೆಸಿ, ಅಡಿಗೆಮನೆಯ ಗೋಡೆಗೆ ಅಂಟಿಸಿ. ಪಂಪು ತೆಗೆದುಕೊಂಡರೂ ಉಸಿರು ಹತ್ತದಿದ್ದರೆ, ಒಂದು ವಾಕ್ಯ ಪೂರ್ತಿ ಮಾಡಲು ಆಗದಿದ್ದರೆ, ತುಟಿ ನೀಲಿಯಾಗತೊಡಗಿದರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನು ಮಾಡಿ, ಇಲ್ಲವೇ ಸಿಕ್ಕ ಗಾಡಿಯಲ್ಲಿ ಹೊರಡಿ, ಪಂಪು ಕೈಯಲ್ಲೇ ಇರಲಿ. ನಿಮ್ಮ ಮನೆಗೆ ಸೊಸೆಯಾಗಿ ಬಂದ ಹುಡುಗಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರೆ, ಹೊರಗೆ ಬಂದು ಎಲ್ಲರ ಮಧ್ಯೆ ಕೂತೇ ತೆಗೆದುಕೋ ಬೇಟಿ ಎಂದು ಹೇಳುವವರು ನೀವಾಗಿ.

ಅಲ್ಲಾಹನು ಎಲ್ಲ ರೋಗಿಗಳಿಗೆ ಶಿಫಾ ಕರುಣಿಸಲಿ, ನಮ್ಮ ಹೆಣ್ಣುಮಕ್ಕಳ ಉಸಿರನ್ನು ಹಗುರಗೊಳಿಸಲಿ. ಆಮೀನ್.